ನಾಲ್ಕೂವರೆ ಗಂಟೆಯ ಹಿಟ್ಟು

ಪುಟ್ಟಮಾದಮ್ಮನ ಮನೆಯಲ್ಲಿ ಮಲಗಿದವರನ್ನು ಎಬ್ಬಿಸದೆ ಯಾರೂ ಉಣ್ಣುವ ಹಾಗಿರಲಿಲ್ಲ. ಗಂಡ ಮಂಟೇಸ್ವಾಮಿ ಜ್ವರ ಬಂದು ಮುಸುಕೆಳೆದುಕೊಂಡಿದ್ದರೂ ಸರಿ, ಮಗ ಸಿದ್ಧಾರ್ಥ ಗೂಡ್ಸ್ ಆಟೊದಲ್ಲಿ ಟೊಮೆಟೊ ಸಾಗಿಸಿ ಬಂದು ಬಿದ್ದುಕೊಂಡಿದ್ದರೂ ಸರಿ, ತಟ್ಟೆ ಹಾಕುವ ಹೊತ್ತಿಗೆ ಎಬ್ಬಿಸಿ ಕೂರಿಸುವವಳೇ. ನಿದ್ದೆಗಣ್ಣಲ್ಲಿ ನಾಲ್ಕು ತುತ್ತು ನುಂಗಿ ಮತ್ತೆ ಬೇಕಾದರೆ ಮಲಗಲಿ, ಅದು ಅವರಿಷ್ಟ. ನರಸೀಪುರದ ಆ ಬೀದಿಗೆಲ್ಲ ಇದು ಗೊತ್ತು. "ಪುಟ್ಟಮಾದಮ್ಮನ ಮನೇಲಿ ಸತ್ತೋರೂ ಎದ್ದು ಉಂಡ್ಕಂಡೇ ಮಣ್ಣಿಗೋಗಬೇಕು" ಎಂದು ಎದುರು ಮನೆಯ ಚೆಲುವಯ್ಯ ಆಡಿಕೊಂಡಿದ್ದ. "ನಿನ್ನ ಮನೇಲಿ ಬದುಕಿರೋರ್ಗೇ ಇಕ್ಕದಿಲ್ವಲ್ಲ, ನೀನು ಮುಚ್ಕಂಡಿರು" ಎಂದು ಅವಳು ಅಂಗಳದಲ್ಲೇ ನಿಂತು ಲೆಕ್ಕ ಚುಕ್ತಾ ಮಾಡಿದ್ದಳು.

ಈ ಕಟ್ಟಲೆ ಮೂವತ್ತು ವರ್ಷ ಯಾವ ತಕರಾರೂ ಇಲ್ಲದೆ ನಡೆಯಿತು. ಸೊಸೆ ಪವಿತ್ರನಿಗೆ ಎರಡು ತಿಂಗಳು ಪೂರ್ತಿ ನೈಟ್ ಡ್ಯೂಟಿ ಬಿದ್ದಾಗ ತಕರಾರು ಶುರುವಾಯಿತು.

ಪವಿತ್ರ ನಂಜನಗೂಡಿನ ಒಂದು ನರ್ಸಿಂಗ್ ಹೋಮಿನಲ್ಲಿ ಐಸಿಯು ನರ್ಸು. ಸಂಜೆ ಆರೂಕಾಲಿನ ಬಸ್ಸು ಹತ್ತಿ ಹೋದರೆ ಬೆಳಿಗ್ಗೆ ಒಂಬತ್ತೂವರೆಗೆ ಮನೆ ಸೇರುವಳು. ಸ್ನಾನ ಮಾಡಿ ಮಲಗುವಾಗ ಹತ್ತೂವರೆ. ಪುಟ್ಟಮಾದಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ನೂರಿಪ್ಪತ್ತು ಮಕ್ಕಳಿಗೆ ಬಡಿಸಿ, ದೊಡ್ಡ ದೊಡ್ಡ ಪಾತ್ರೆ ತಿಕ್ಕಿಟ್ಟು, ಒಂದೂವರೆಗೆ ಮನೆಗೆ ಬಂದು ರಾಗಿ ಹಿಟ್ಟು ತಿರುವಿ, ಮುದ್ದೆ ಕಟ್ಟಿ, ಸೊಸೆಯ ರೂಮಿನ ಬಾಗಿಲು ಬಡಿಯುವಳು.

"ಏಳವ್ವ, ಇಟ್ಟು ಆರೋಯ್ತದೆ."

"ಅತ್ತೆ, ಈಗ ತಾನೇ ಕಣ್ಣು ಹತ್ತಿತ್ತು."

"ಉಂಡ್ಬುಟ್ಟು ಮಲೀಕೊ. ನಿದ್ದೆ ಏನು ಬಸ್ ಹತ್ಕಂಡು ಓಯ್ತದಾ?"

ನಿದ್ದೆ ಬಸ್ಸು ಹತ್ತಿಕೊಂಡೇ ಹೋಗುತ್ತಿತ್ತು. ಒಮ್ಮೆ ಎದ್ದರೆ ಮುಗಿಯಿತು. ಬೀದಿಯಲ್ಲಿ ಹಳೇ ಪಾತ್ರೆ ಕೊಳ್ಳುವವನ ಮೈಕು, ನಡುಮನೆಯಲ್ಲಿ ಮಾವನ ಟಿವಿ, ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು. ಐದಕ್ಕೆ ಎದ್ದು, ಊದಿದ ಕಣ್ಣಿಗೆ ನೀರು ಹಾಕಿಕೊಂಡು ಪವಿತ್ರ ಮತ್ತೆ ಬಸ್ಸು ಹಿಡಿಯುವಳು. ಕೈಯಲ್ಲಿ ಅತ್ತೆ ಕಟ್ಟಿಕೊಟ್ಟ ಊಟದ ಡಬ್ಬಿ.

ಒಂದು ಭಾನುವಾರ ಪುಟ್ಟಮಾದಮ್ಮ ಸೊಸೆಯ ಡ್ಯೂಟಿ ಬ್ಯಾಗನ್ನು ಒಗೆಯಲೆಂದು ಕಲ್ಲಿನ ಮೇಲೆ ತಲೆಕೆಳಗು ಮಾಡಿದಳು. ನಾಲ್ಕು ಚಿಪ್ಸ್ ಪ್ಯಾಕೆಟ್ಟು, ಕ್ರೀಮ್ ಬಿಸ್ಕತ್ತಿನ ಕವರು, ಬೆಣ್ಣೆ ಹತ್ತಿದ ಬನ್ನಿನ ಕಾಗದ ಉದುರಿದವು. ಎಲ್ಲವೂ ಖಾಲಿ. ಅವಳು ಅವನ್ನು ಒಂದೊಂದಾಗಿ ಆಯ್ದು, ಮೊರದಲ್ಲಿ ಹಾಕಿಕೊಂಡು ಬಂದು ಪವಿತ್ರನ ಮುಂದಿಟ್ಟಳು.

"ನಾನು ಕಟ್ಕೊಟ್ಟಿದ್ದ ಅನ್ನ ಯಾರ ಒಟ್ಟೆ ಸೇರ್ತಾ ಅದೆ?"

"ಉಂತೀನಲ್ಲ ಅತ್ತೆ."

"ಬಾಬಾಸಾಹೇಬ್ರ ಫೋಟೊ ನೋಡ್ಕಂಡು ಯೋಳು."

ಪವಿತ್ರ ಫೋಟೊ ನೋಡಲಿಲ್ಲ, ನೆಲ ನೋಡಿದಳು. "ಆಯಾ ಉಂತಾಳೆ."

"ಆಯಾ! ನಾನು ಬೆಳಗಾದ್ರೆ ನೂರಿಪ್ಪತ್ತು ಮಕ್ಳಿಗೆ ಇಕ್ಕೋಳು. ಒಂದು ಕೂಸಾದ್ರೂ ತಟ್ಟೇಲಿ ಬುಟ್ಟಿಲ್ಲ. ನನ್ನ ಸೊಸೆಗೆ ನನ್ನ ಅಡುಗೆ ಸೇರದಿಲ್ವಾ?"

"ಅಡುಗೆ ಮೇಲೆ ಏನಿಲ್ಲ ಅತ್ತೆ. ಒಂಬತ್ತಕ್ಕೆ ಡಬ್ಬಿ ತೆಗೆಯಣ ಅಂದ್ರೆ ಯಾವ್ದೋ ಕೇಸು ಬತ್ತದೆ. ಹನ್ನೆರಡಕ್ಕೆ ಹಸಿವೇ ಸತ್ತೋಗಿರ್ತದೆ. ಮೂರು ಗಂಟೆಗೆ ಕಣ್ಣು ಎಳೀತದೆ ನೋಡಿ, ಆಗ ಅನ್ನ ಬೇಕು ಅನ್ಸಲ್ಲ. ಸಿಹಿ ಬೇಕು, ಇಲ್ಲ ಕರಿದಿದ್ದು ಬೇಕು. ಬಾಯಾಡ್ತಾ ಇದ್ರೆ ಕಣ್ಣು ಮುಚ್ಚಲ್ಲ. ಎಲ್ಲಾ ಸಿಸ್ಟರ್‌ಗಳ್ದೂ ಇದೇ ಕತೆ. ದಿವ್ಯ ಅಂತ ಒಬ್ಳವಳೆ, ಗ್ಲೂಕೋಸ್ ಪುಡಿನೇ ಬುಕ್ತಾಳೆ."

ಟಿವಿ ಮುಂದಿದ್ದ ಮಂಟೇಸ್ವಾಮಿ ಬಾಯಿ ಹಾಕಿದ. "ಅಲ್ಲಿ ನಿಮಗೆ ಕೂತ್ಕಂಡು ಉಣ್ಣಕೆ ಜಾಗ ಕೊಟ್ಟಿಲ್ವಾ ಮಗ?"

"ಡ್ರೆಸ್ಸಿಂಗ್ ಸಾಮಾನು ಇಡೋ ರೂಮದೆ ಮಾವ. ಅಲ್ಲೇ ನಿಂತ್ಕಂಡು ನುಂಗೋದು."

ಆ ನರ್ಸಿಂಗ್ ಹೋಮಿನ ಮುಂಬಾಗಿಲಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿದ್ದರು. ಮೀನಿಗೆ ಹೊತ್ತು ಹೊತ್ತಿಗೆ ಊಟ ಹಾಕುವುದಕ್ಕೆಂದೇ ಒಬ್ಬ ಆಳಿದ್ದ. ಹನ್ನೆರಡು ಗಂಟೆ ನಿಂತು ಜೀವ ಕಾಯುವ ಹೆಣ್ಣುಮಕ್ಕಳಿಗೆ ಒಂದು ಬೆಂಚಿರಲಿಲ್ಲ.

ಅವತ್ತಿಗೆ ಜಗಳ ಒಳಗೇ ಹೊಗೆಯಾಡಿ ತಣ್ಣಗಾಯಿತು. ಬಾಗಿಲು ಬಡಿಯುವುದು ಮಾತ್ರ ನಿಲ್ಲಲಿಲ್ಲ. ಯೂನಿಫಾರಮ್ಮಿನ ಪಕ್ಕದ ಹೊಲಿಗೆಯನ್ನು ಪವಿತ್ರ ಎರಡನೇ ಸಲ ಬಿಚ್ಚಿ ಅಗಲ ಮಾಡಿಕೊಂಡಳು.

ಆ ವಾರದ ಗುರುವಾರ ಅವಳು ಬಸ್ಸಿಳಿದು ಬಂದವಳು ಸ್ನಾನಕ್ಕೆ ಹೋಗದೆ ಜಗುಲಿಯ ಮೇಲೆ ಕುಸಿದು ಕೂತಳು. ಶಾಲೆಗೆ ರಜ ಇತ್ತು, ಮನೆಯಲ್ಲಿ ಎಲ್ಲರೂ ಇದ್ದರು.

"ಆರನೇ ಬೆಡ್ಡಿನ ಇಂಜೆಕ್ಷನ್ನ ನಾಲ್ಕನೇ ಬೆಡ್ಡಿನ ಅಜ್ಜಿಗೆ ಹಾಕಕ್ಕೋಗಿದ್ದೆ" ಎಂದಳು. "ಇನ್ನೇನು ಡ್ರಿಪ್ಪಿನ ಪೈಪಿಗೆ ಚುಚ್ಚಬೇಕು, ಇಂದ್ರಾಣಿ ಸಿಸ್ಟರ್ ಬಂದು ಕೈ ಹಿಡ್ಕಂಡ್ರು."

ಪುಟ್ಟಮಾದಮ್ಮ ಎದ್ದು ನಿಂತಳು. "ಅಜ್ಜಿ?"

"ಚೆನ್ನಾಗವ್ರೆ. ಕಾಫಿ ಕೊಟ್ಟಿಲ್ಲ ಅಂತ ಎಲ್ರನ್ನೂ ಬಯ್ತಾವ್ರೆ."

ಇಂದ್ರಾಣಿ ಸಿಸ್ಟರ್ ಐಸಿಯು ಇನ್‌ಚಾರ್ಜು. ಬಯ್ಯಲಿಲ್ಲವಂತೆ. ಪವಿತ್ರನಿಗೆ ಅದೇ ಹೆಚ್ಚು ನೋವಾಗಿತ್ತು. 'ತಿಂಗಳ ಕೊನೆವರೆಗೆ ನೋಡ್ತೀನಿ. ಕಣ್ಣು ಹಿಂಗೇ ಎಳೀತಿದ್ರೆ ಐಸಿಯು ಬೇಡ, ಹೊರಗಡೆ ಚೀಟಿ ಬರೆಯೋ ಕೌಂಟರ್ರಿಗೆ ಹಾಕ್ತೀನಿ' ಎಂದಿದ್ದರು. ಐದು ವರ್ಷ ಜನರಲ್ ವಾರ್ಡಿನಲ್ಲಿ ಕಕ್ಕ ಬಾಚಿ, ವಾಂತಿ ಒರೆಸಿ, ಒಂದೊಂದೇ ಕೆಲಸ ಕಲಿತು ಐಸಿಯುಗೆ ಕಾಲಿಟ್ಟವಳು ಪವಿತ್ರ. ಅವಳ ಊರಿಂದ ಅಲ್ಲಿಯವರೆಗೆ ಹೋದವರು ಬೇರೆ ಯಾರೂ ಇಲ್ಲ.

ಸಿದ್ಧಾರ್ಥ ಆಟೊ ಕೀ ಕೈಗೆತ್ತಿಕೊಂಡ. "ಎಲ್ಲವ್ನೆ ಅವನು ಮಾಲೀಕ? ಹನ್ನೆರಡು ಗಂಟೆ ದುಡಿಸ್ಕಂಡು ಚೀಟಿ ಬರಿ ಅಂತಾನಾ? ಅವನ ಮೀನಿನ ತೊಟ್ಟಿಗೇ ಕಲ್ಲಾಕ್ಬುಟ್ಟು ಬತ್ತೀನಿ!"

"ನೀವು ಮೀನು ಸಾಯಿಸುದ್ರೆ ನನಗೆ ನಿದ್ದೆ ಬತ್ತದಾ?" ಎಂದಳು ಪವಿತ್ರ.

"ಮತ್ತೆ ಏನು ಮಾಡ್ಲಿ ಯೋಳು!"

"ಕೂತ್ಕಳಿ. ಕಿರುಚಬೇಡಿ." ಅವಳು ಅತ್ತೆಯ ಕಡೆ ತಿರುಗಿದಳು. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಎರಡು ಗಂಟೆಗೆ ಎಬ್ರಿಸಬೇಡಿ. ನಾಲ್ಕೂವರೆವರೆಗೂ ಮಲಗಕ್ಕೆ ಬುಡಿ. ಎದ್ದು ಹೊಟ್ಟೆತುಂಬ ಉಂಡ್ಕಂಡೇ ಡ್ಯೂಟಿಗೋಗ್ತೀನಿ."

ಪುಟ್ಟಮಾದಮ್ಮ ಸೊಸೆಯ ಮುಖ ನೋಡಿದಳು. ಮೂವತ್ತು ತುಂಬದ ಮುಖದಲ್ಲಿ ಕಣ್ಣ ಕೆಳಗೆ ಮಸಿ ಬಳಿದ ಹಾಗಿತ್ತು. "ಆಗ್ಲಿ" ಎಂದಳು. "ಎಬ್ರಿಸಾಕಿಲ್ಲ."

ಪವಿತ್ರ ಒಳಗೆ ಹೋಗಿ ಚಿಲಕ ಹಾಕಿಕೊಂಡ ಮೇಲೆ ಅವಳು ಗಂಡನನ್ನೂ ಮಗನನ್ನೂ ಹಿತ್ತಲಿಗೆ ಕರೆದಳು.

"ಅವಳ್ನ ಎಬ್ರಿಸಾಕಿಲ್ಲ ಅಂತ ಮಾತು ಕೊಟ್ಟಿವ್ನಿ. ಮಲಗಿದೋರ್ನ ಬುಟ್ಟು ಉಣ್ಣಾಕಿಲ್ಲ ಅನ್ನೋದೂ ನನ್ನ ಮಾತೇಯ. ಇವತ್ತಿಂದ ಈ ಮನೇಲಿ ಊಟ ನಾಲ್ಕೂವರೆಗೆ."

ಮಂಟೇಸ್ವಾಮಿ ಕಣ್ಣು ಕಣ್ಣು ಬಿಟ್ಟ. "ಲೇ, ಅವಳು ನಿದ್ದೆ ಮಾಡುದ್ರೆ ನಮಗ್ಯಾಕೆ ಉಪಾಸ?"

"ನೀನು ನೀರಗಂಟಿಯಾಗಿದ್ದಾಗ ನಾಲೆ ಮ್ಯಾಲಿಂದ ಮೂರು ಗಂಟೆಗೂ ಬಂದಿದ್ದೀಯ, ಐದಕ್ಕೂ ಬಂದಿದ್ದೀಯ. ನಾನು ಕಾದಿಲ್ವಾ?"

"ನಾನು ಎಚ್ಚರಾಗಿದ್ನಲ್ಲಮ್ಮಿ, ಮಲಗಿರ್ಲಿಲ್ವಲ್ಲ!"

"ಬಾಯಿಗೆ ಬಾಯಿ ಕೊಡ್ಬೇಡ. ಅವಳಿಗೆ ಇದು ಗೊತ್ತಾಗ್ಕೂಡ್ದು. ಗೊತ್ತಾದ್ರೆ ಆ ಯೋಚ್ನೇಲೇ ನಿದ್ದೆ ಬರಾಕಿಲ್ಲ. ಎರಡು ಗಂಟೆಗೆ ಉಂಡಾಯ್ತು ಅನ್ಬೇಕು."

ಹೀಗೆ ಆ ಮನೆಯಲ್ಲಿ ಹೊಸ ಕಾನೂನು ಜಾರಿಗೆ ಬಂತು.

ಅವತ್ತಿನಿಂದ ಪವಿತ್ರ ಕಲ್ಲಿನ ಹಾಗೆ ಮಲಗಿದಳು. ನಾಲ್ಕೂವರೆಗೆ ತಾನೇ ಎದ್ದು ಬಂದು, "ಹಸಿವಾಯ್ತದೆ ಅತ್ತೆ" ಎನ್ನುವಳು. ಆ ಮಾತು ಕೇಳಿ ಪುಟ್ಟಮಾದಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಉಪ್ಪೆಸರು, ಹುರುಳಿಕಾಳಿನ ಬಸ್ಸಾರು, ಬುಧವಾರ ಮೀನು. ಸೊಸೆಯ ಜೊತೆ ಮನೆಮಂದಿಯೆಲ್ಲ ಸಾಲಾಗಿ ಕೂತು ಗಬಗಬ ನುಂಗುವರು.

"ಮಾವ, ಎರಡು ಗಂಟೆಗೆ ಉಂಡಿದ್ದೀರ, ಈಗ ಮೂರನೇ ಮುದ್ದೆಯಾ?"

"ಏನೋ ಮಗ, ಈಚೆಗೆ ಒಸಿ ಅಸಿವು ಜಾಸ್ತಿಯಾಗದೆ."

"ಶುಗರ್ ಟೆಸ್ಟ್ ಮಾಡಿಸ್ಬೇಕು ಮಾವ, ಇದು ಒಳ್ಳೇದಲ್ಲ."

ಸಿದ್ಧಾರ್ಥನಿಗೆ ಅನ್ನ ನೆತ್ತಿಗೆ ಹತ್ತಿ ಕೆಮ್ಮು ಬಂತು.

ಗಂಡಸರ ಉಪವಾಸ ಮೂರೇ ದಿನ ನಡೆದದ್ದು. ನಾಲ್ಕನೇ ದಿನದಿಂದ ಮಂಟೇಸ್ವಾಮಿ ಒಂದು ಗಂಟೆಯಾದರೆ "ಬಸ್‌ಸ್ಟ್ಯಾಂಡ್ ಕಡೆ ಓಗಿ ಬತ್ತೀನಿ" ಎಂದು ಟವೆಲ್ ಕೊಡವಿಕೊಂಡು ಹೊರಡುತ್ತಿದ್ದ. ಅಲ್ಲಿ ಎರಡು ಬೋಂಡ, ಒಂದು ಟೀ. ಆಮೇಲೆ ಮೂರು ಬೋಂಡ, ಎರಡು ಟೀ. ಸಿದ್ಧಾರ್ಥ ನಂಜನಗೂಡಿನ ಬೇಕರಿಯಲ್ಲಿ ಎಗ್ ಪಫ್ಸು, ಸಂತೆಮಾಳದಲ್ಲಿ ಗೋಬಿ. ಬಾಯಲ್ಲಿ ಹುಳಿತೇಗು, ಮೂಗಿನ ತುದಿಯಲ್ಲಿ ಸಿಟ್ಟು. ಗಾಡಿಗೆ ಅಡ್ಡ ಬಂದ ಕೋಳಿಯ ಜೊತೆಗೂ ಜಗಳ ಆಡುವ ಮಟ್ಟಕ್ಕೆ ಅವನು ಬಂದಿದ್ದ. ಅಪ್ಪನೂ ಮಗನೂ ಒಬ್ಬರನ್ನೊಬ್ಬರು ಮೂಸಿ ನೋಡಿಕೊಂಡು ಸುಮ್ಮನಾಗುತ್ತಿದ್ದರು.

ಕಳ್ಳತನ ಮಾಡದೆ ಇದ್ದವಳು ಪುಟ್ಟಮಾದಮ್ಮ ಒಬ್ಬಳೇ. ಬೆಳಿಗ್ಗೆ ಒಂದು ಲೋಟ ಟೀ, ಒಲೆಯ ಮುಂದೆ ನಿಲ್ಲುವವಳಿಗೆ ಅದಕ್ಕಿಂತ ಹೆಚ್ಚು ಸೇರುತ್ತಿರಲಿಲ್ಲ. ಶಾಲೆಯಲ್ಲಿ ಸಾಂಬಾರಿನ ಉಪ್ಪು ನೋಡುವುದು ಅಂಗೈಯ ಒಂದು ತೊಟ್ಟಿನಲ್ಲಿ. ಜೊತೆಯ ಅಡುಗೆಯವಳು ಪುಟ್ಟಲಕ್ಷ್ಮಿ ತಟ್ಟೆ ಮುಂದಿಟ್ಟರೂ ಮುಟ್ಟುತ್ತಿರಲಿಲ್ಲ.

"ಅಕ್ಕ, ಎರಡು ತುತ್ತು ತಿನ್ನಿ. ಮೈಯೆಲ್ಲ ನಡುಗ್ತಾ ಅದೆ ನಿಮ್ದು."

"ಮನೇಲಿ ಒಬ್ಳು ಉಣ್ದೆ ಮಲಗವಳೆ ಕಣೆ. ನನಗೆ ಗಂಟಲಲ್ಲಿ ಇಳಿಯಾಕಿಲ್ಲ."

"ನಿಮ್ಮ ಸೊಸೆ ಐಸಿಯುನಲ್ಲಿ ಕೆಲಸಕ್ಕವಳೆ. ನೀವು ಪೇಷೆಂಟಾಗಿ ಓಗಿ ಸೇರ್ಕಳಿ, ಇಬ್ರೂ ಒಟ್ಗೆ ಇರ್ಬೋದು" ಎಂದು ಪುಟ್ಟಲಕ್ಷ್ಮಿ ಸೌಟು ಕುಟ್ಟಿದಳು.

ಮೂರನೇ ವಾರದ ಮಂಗಳವಾರ, ಮೊಟ್ಟೆ ಕೊಡುವ ದಿನ. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಪುಟ್ಟಮಾದಮ್ಮ ಬಗ್ಗಿ ಮೊಟ್ಟೆಯ ಬುಟ್ಟಿಗೆ ಕೈ ಹಾಕಿದಳು. ಬುಟ್ಟಿ ಎರಡಾಗಿ ಕಂಡಿತು, ಆಮೇಲೆ ನಾಲ್ಕಾಯಿತು, ಆಮೇಲೆ ಕಾಣಲೇ ಇಲ್ಲ. ಅವಳು ಬುಟ್ಟಿಯ ಪಕ್ಕದಲ್ಲೇ ಕುಸಿದಳು. ಬೇಯಿಸಿದ ಮೊಟ್ಟೆಗಳು ಅಂಗಳದ ತುಂಬ ಉರುಳಿದವು. "ಮೇಡಂ, ಊಟದಜ್ಜಿ ಬಿದ್ದೋಯ್ತು!" ಎಂದು ಅರ್ಧ ಮಕ್ಕಳು ಕೂಗಿಕೊಂಡು ಓಡಿದರು. ಇನ್ನರ್ಧ ಮೊಟ್ಟೆ ಆಯಲು ಓಡಿದರು.

ಸುದ್ದಿ ಕೇಳಿ ಬಂದ ಸಿದ್ಧಾರ್ಥ ಗೂಡ್ಸ್ ಆಟೊದಲ್ಲಿ, ಖಾಲಿ ಟೊಮೆಟೊ ಕ್ರೇಟುಗಳ ನಡುವೆ, ಪುಟ್ಟಲಕ್ಷ್ಮಿಯ ತೊಡೆಯ ಮೇಲೆ ತಾಯಿಯ ತಲೆ ಇರಿಸಿ ಅವಳನ್ನು ಮನೆಗೆ ತಂದ. ದಾರಿಯುದ್ದಕ್ಕೂ ಅವಳಿಗೆ ಎಚ್ಚರವಿತ್ತು. "ಅವಳ್ನ ಎಬ್ರಿಸ್ಬೇಡಿ, ಇನ್ನೂ ನಾಲ್ಕೂವರೆ ಆಗಿಲ್ಲ" ಎಂದು ಅದನ್ನೇ ಹೇಳುತ್ತಿದ್ದಳು. ಮನೆ ಮುಂದೆ ಬಂದ ಕೂಡಲೆ ಸಿದ್ಧಾರ್ಥ, "ಪವೀ!" ಎಂದು ಕೂಗಿದ ಕೂಗಿಗೆ ಎದುರು ಮನೆಯ ಚೆಲುವಯ್ಯ ಕೂಡ ಎದ್ದು ಬಂದ.

ಪವಿತ್ರ ಕೆದರಿದ ತಲೆಯಲ್ಲೇ ಬಂದಳು. ಕೈ ಹಿಡಿದು ನಾಡಿ ನೋಡಿದಳು, ಬಿಪಿ ನೋಡಿದಳು, ಬೆರಳು ಚುಚ್ಚಿ ಶುಗರ್ ನೋಡಿದಳು. ಸಕ್ಕರೆ ನೀರು ಕುಡಿಸಿದಳು, ಬಾಳೆಹಣ್ಣು ತಿನ್ನಿಸಿದಳು. ಮತ್ತೆ ಬೆರಳು ಚುಚ್ಚಿ ನೋಡಿ ಉಸಿರು ಬಿಟ್ಟಳು.

"ಬೆಳಿಗ್ಗೆಯಿಂದ ಏನು ತಿಂದಿದ್ರಿ ಅತ್ತೆ?"

"ಟೀ."

"ನಿನ್ನೆ ಮಧ್ಯಾಹ್ನ?"

ಪುಟ್ಟಮಾದಮ್ಮ ಗೋಡೆ ನೋಡಿದಳು. ಪವಿತ್ರ ಗಂಡನ ಕಡೆ ತಿರುಗಿದಳು. "ನೀವು?"

"ಎರಡು ಪಫ್ಸು" ಎಂದ ಸಿದ್ಧಾರ್ಥ, ಠಾಣೆಯಲ್ಲಿ ನಿಂತವನ ಹಾಗೆ. "ಒಂದು ಗೋಬಿ."

"ಮಾವ?"

"ಬೋಂಡ ಕನ ಮಗ. ಇವಳು ಉಣ್ಣಕೆ ಬುಡಾಕಿಲ್ಲ. ನೀನು ಏಳೋಗಂಟ ಯಾರೂ ಮುಟ್ಟಂಗಿಲ್ಲ ಅಂತ ಕಾನೂನು ಮಾಡವ್ಳೆ. ಇಪ್ಪತ್ತು ದಿನ ಆಯ್ತು. ನನ್ನ ಹೆಸ್ರು ಯೋಳ್ಬೇಡ."

"ಎದುರಿಗೇ ಇವ್ನಿ ಕಣಯ್ಯ!" ಎಂದಳು ಪುಟ್ಟಮಾದಮ್ಮ ಮಲಗಿದ್ದಲ್ಲಿಂದಲೇ.

"ಮಲಗಿದ್ದೀಯ ಅಂದ್ಕಂಡೆ."

ಪವಿತ್ರ ಮೂವರನ್ನೂ ನೋಡಿದಳು. ಸಿಟ್ಟು ಬಂತು, ಬಂದ ದಾರಿಯಲ್ಲೇ ನಗುವೂ ಬಂತು. "ನೈಟ್ ಡ್ಯೂಟಿ ಮಾಡೋಳು ನಾನು. ಬೋಂಡ, ಬೇಕರಿ, ಹುಳಿತೇಗು, ತಲೆಸುತ್ತು ಎಲ್ಲಾ ನಿಮಗಾ? ನಮ್ಮ ಐಸಿಯು ಕಾಯಿಲೇನ ಪೂರ್ತಿ ಮನೆಗೆ ತಂದು ಹಂಚ್ಬುಟ್ಟೆ ನಾನು!" ಆಮೇಲೆ ದನಿ ಇಳಿಸಿದಳು. "ಯಾಕತ್ತೆ ಹಿಂಗೆ ಮಾಡುದ್ರಿ?"

ಪುಟ್ಟಮಾದಮ್ಮ ಎದ್ದು ಕೂತಳು. ಯಾರಿಗೂ ಹೇಳದೆ ಇದ್ದದ್ದನ್ನು ಬಾಳೆಹಣ್ಣಿನ ಸಿಪ್ಪೆ ಮಡಿಸುತ್ತ ಹೇಳಿದಳು.

"ಎಮ್ಮಿಗೇಲಿ ನಾವು ಆರು ಜನ ಮಕ್ಳು. ನಮ್ಮವ್ವ ಕೂಲಿ ಮುಗಿಸ್ಕಂಡು ಬಂದು ಒಲೆ ಹಚ್ಚೋ ಹೊತ್ಗೆ ಕತ್ತಲಾಗೋದು. ಆಗ ಎಚ್ಚರಾಗಿದ್ದೋರ್ಗೆ ಇಟ್ಟು. ಮಲಗಿದೋರ್ನ ಯಾರೂ ಎಬ್ರಿಸ್ತಿರ್ಲಿಲ್ಲ. ಒಬ್ರು ಮಲಗುದ್ರೆ ಮಿಕ್ಕೋರ್ಗೆ ಒಸಿ ಜಾಸ್ತಿ ಸಿಗೋದು ನೋಡು. ನಾನೂ ನನ್ನ ತಂಗೀನ ಎಬ್ರಿಸ್ತಿರ್ಲಿಲ್ಲ. ಅವಳು ಬೆಳಿಗ್ಗೆ ಎದ್ದು ಮಡಕೆ ಒಳಕ್ಕೆ ಕೈ ಬುಟ್ಟು ನೆಕ್ಕೋಳು. ನನ್ನ ಮನೆ ಅಂತ ಒಂದಾದ್ರೆ ಅಲ್ಲಿ ಅಂಗಾಗ್ಕೂಡ್ದು ಅಂದ್ಕಂಡೆ."

ಸಿದ್ಧಾರ್ಥ ಸುಮ್ಮನೆ ಕೀಗೊಂಚಲು ತಿರುಗಿಸುತ್ತಿದ್ದ.

ಪವಿತ್ರ ಅತ್ತೆಯ ಕೈಯಿಂದ ಸಿಪ್ಪೆ ತೆಗೆದುಕೊಂಡಳು. "ಈ ಮನೇಲಿ ನನ್ನ ಪಾಲಿಂದ ಯಾರೂ ತಿನ್ನಲ್ಲ ಅತ್ತೆ. ನನಗೆ ಗೊತ್ತು. ಅದಕ್ಕೇ ನನಗೆ ಅಷ್ಟು ಚೆಂದಾಗಿ ನಿದ್ದೆ ಬತ್ತಾ ಇರೋದು. ನಿಮಗೇ ಇನ್ನೂ ನಂಬಿಕೆ ಬಂದಿಲ್ಲ."

ಪುಟ್ಟಮಾದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾಳೆಯಿಂದ ನೀವೆಲ್ಲ ಎರಡು ಗಂಟೆಗೆ ಉಣ್ಣಿ" ಎಂದಳು ಪವಿತ್ರ, ವಾರ್ಡಿನಲ್ಲಿ ಹೇಳುವ ದನಿಯಲ್ಲಿ. "ಇಲ್ದಿದ್ರೆ ನಾನೇ ಎರಡಕ್ಕೆ ಅಲಾರಂ ಇಟ್ಕಂಡು ಎದ್ದು ಬಂದು ಒಬ್ಬೊಬ್ರ ಬಾಯಿಗೂ ತುರುಕ್ತೀನಿ. ಆಮೇಲೆ ಚೀಟಿ ಬರಿಯಕ್ಕೋಗ್ತೀನಿ."

ಮಾರನೆಯ ದಿನ ಎರಡು ಗಂಟೆಗೆ ಪುಟ್ಟಮಾದಮ್ಮ ಹಿಟ್ಟು ಕಟ್ಟಿ ಕೂತಳು. ರೂಮಿನ ಬಾಗಿಲು ಮುಚ್ಚಿತ್ತು. ತುತ್ತು ಮುರಿದಳು, ಸಾರಿನಲ್ಲಿ ಅದ್ದಿದಳು, ಬಾಗಿಲು ನೋಡಿದಳು. ಮತ್ತೆ ಅದ್ದಿದಳು.

"ನುಂಗು ಮಾರಾಯ್ತಿ, ಸಾರೆಲ್ಲ ನೀನೇ ಬಳಿದ್ಯ" ಎಂದ ಮಂಟೇಸ್ವಾಮಿ. ಅವನ ಎರಡನೇ ಮುದ್ದೆ ಮುಗಿದಿತ್ತು.

ಮೊದಲ ತುತ್ತನ್ನು ನೀರು ಕುಡಿದು ನುಂಗಿದಳು. ಎರಡನೆಯದು ಇಳಿಯಿತು. ನಾಲ್ಕನೇ ದಿನದ ಹೊತ್ತಿಗೆ ಅವಳು ಬಾಗಿಲಿಗೆ ಬೆನ್ನು ಮಾಡಿ ಕೂತು ಸಲೀಸಾಗಿ ಉಣ್ಣುತ್ತಿದ್ದಳು, ಉಂಡು ಅರ್ಧ ಗಂಟೆ ಮಲಗುವುದನ್ನೂ ಕಲಿತಳು. ಮಂಟೇಸ್ವಾಮಿಗೆ ಬಸ್‌ಸ್ಟ್ಯಾಂಡಿನಲ್ಲಿ ಕೆಲಸ ಇಲ್ಲವಾಯಿತು. ಪವಿತ್ರನ ಬ್ಯಾಗಿನಲ್ಲಿ ಹುರಿಗಡಲೆಯೂ ಕಡಲೆಬೀಜವೂ ಬಂದವು. ಡಬ್ಬಿಯನ್ನು ಒಂಬತ್ತಕ್ಕೆ ನಿಂತೇ ಆದರೂ ಅವಳೇ ಉಣ್ಣತೊಡಗಿದಳು. ಆಯಾ ಒಂದು ದಿನ, "ಸಿಸ್ಟರೇ, ನಿಮ್ಮತ್ತೆ ಕೈ ಬಸ್ಸಾರು ನೆಪ್ಪಾಯ್ತದೆ" ಎಂದು ಬೇಜಾರು ಮಾಡಿಕೊಂಡಳಂತೆ. ಅವಳಿಗೂ ಬೇರೆ ಡಬ್ಬಿ ಹೊರಟಿತು.

ತಿಂಗಳ ಕೊನೆಯ ದಿನ ಪವಿತ್ರ ಬೆಳಿಗ್ಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ಮುಂದಿನ ತಿಂಗಳ ಐಸಿಯು ಲಿಸ್ಟಲ್ಲಿ ನನ್ನ ಹೆಸ್ರು ಅದೆ ಅತ್ತೆ. ಇಂದ್ರಾಣಿ ಸಿಸ್ಟರ್ ಏನೂ ಅನ್ನಲಿಲ್ಲ, ಲಿಸ್ಟ್ ಗೋಡೆಗೆ ಅಂಟಿಸಿ, ನನ್ನ ಬೆನ್ನು ಒಂದ್ಸಲ ತಟ್ಟಿ ಹೋದ್ರು." ಅಷ್ಟು ಹೇಳಿ, ನಕ್ಕು, ಹೋಗಿ ಮಲಗಿದಳು.

ಆ ಖುಷಿಗೆ ಪುಟ್ಟಮಾದಮ್ಮ ಶಾಲೆಯಿಂದ ಬರುವಾಗ ಕೋಳಿ ತಂದಳು. ಎರಡೂವರೆಗೆ ಮೂವರೂ ಬೆವರು ಸುರಿಸಿಕೊಂಡು ಉಂಡರು. ಸೊಸೆಯ ಪಾಲು ತೆಗೆದಿಟ್ಟು, ಪಾತ್ರೆ ತೊಳೆದು, ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತರು.

ನಾಲ್ಕೂವರೆಗೆ ಪವಿತ್ರ ಎದ್ದು ಬಂದಳು. ತೊಳೆದು ಬೋರಲು ಹಾಕಿದ ಮೂರು ತಟ್ಟೆ ನೋಡಿದಳು. ಕೋಳಿಯ ಮಸಾಲೆ ಘಮ ಇನ್ನೂ ಮನೆಯಲ್ಲಿ ಆಡುತ್ತಿತ್ತು.

"ಎಲ್ರೂ ಉಂಡ್ಬುಟ್ರಾ?"

"ಊ ಕನವ್ವ" ಎಂದಳು ಪುಟ್ಟಮಾದಮ್ಮ ಹೆಮ್ಮೆಯಿಂದ. "ಒಟ್ಟೆ ಬಿರಿಯಂಗೆ ಉಂಡ್ವಿ."

ಪವಿತ್ರನ ಮುಖ ಒಂದು ಗಳಿಗೆ ಸಣ್ಣಗಾಯಿತು. "ಕೋಳಿ ತಂದ ದಿನಾನೂನಾ? ಒಬ್ರಾದ್ರೂ ಕಾಯಬಾರ್ದಿತ್ತಾ?"

ಸಿದ್ಧಾರ್ಥ ಅವ್ವನನ್ನು ನೋಡಿದ, ಮಂಟೇಸ್ವಾಮಿ ಆಕಾಶ ನೋಡಿದ. ಪುಟ್ಟಮಾದಮ್ಮ ಎಲೆ ಅಡಿಕೆ ಉಗಿದು ಎದ್ದು ನಿಂತಳು. ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಕಾದ್ರೆ ಬೆರಳು ಚುಚ್ತೀಯ, ಕಾಯ್ದಿದ್ರೆ ಮೂತಿ ಊದಿಸ್ತೀಯ! ಯಾವ ಸೀಮೆ ನರ್ಸೇ ನೀನು?" ಎಂದು ಕೂಗಾಡುತ್ತ ಒಳಗೆ ಹೋಗಿ, ಬಿಸಿ ಹಿಟ್ಟಿಗೆ ಒಲೆಯ ಮೇಲೆ ನೀರಿಟ್ಟಳು. ನೀರು ಕುದಿಯುವ ಹೊತ್ತಿಗೆ ಅವಳಿಗೆ ನಗು ತಡೆಯಲಾಗಲಿಲ್ಲ. ಒಲೆಯ ಪಕ್ಕ ನಿಂತಿದ್ದ ಪವಿತ್ರನೂ ನಕ್ಕಳು. ಇಬ್ಬರ ನಗೆ ಕೇಳಿ ಮಂಟೇಸ್ವಾಮಿ ಜಗುಲಿಯಿಂದಲೇ ಕೂಗಿದ.

"ಅಂಗಾದ್ರೆ ನನಗೂ ಒಂದು ಅರ್ಧ ಮುದ್ದೆ ಕಟ್ಟಮ್ಮಿ. ಮೊಗ ಒಬ್ಳೇ ಉಣ್ಬಾರ್ದು."

"ಅವಳು ಒಬ್ಳೇ ಉಣ್ಣಾಕಿಲ್ಲ, ನಾನಿವ್ನಿ!" ಎಂದಳು ಪುಟ್ಟಮಾದಮ್ಮ. ಒಂದು ತಟ್ಟೆ ಸೊಸೆಯ ಮುಂದಿಟ್ಟಳು, ಇನ್ನೊಂದು ತನ್ನ ಮುಂದೆ ಎಳೆದುಕೊಂಡಳು.